ಏಳು ಜೀವಗಳನ್ನು ಹೊತ್ತ ವೀಕ್ಷಣ ವಿಮಾನ



ಶ್ರೀಮಠದ ಈ ಮಹೋತ್ಸವ ಸಂಪುಟಕ್ಕೆ ಇತಿಹಾಸಸಂಬಂಧವಾದ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲದವರು ನನಗೆ ಅಪ್ಪಣೆಯಿತ್ತಾಗ, ಗುರುಪರಂಪರೆಯನ್ನೋ ಊರಿನ ಶಾಸನಗಳನ್ನೋ ಕುರಿತು ನಾನು ಬರೆಯುವೆನೆಂದು ಅವರು ಎಣಿಸಿದ್ದಿರಬೇಕು. ಆ ವಿಷಯಗಳನ್ನು ನನಗಿಂತ ಚೆನ್ನಾಗಿ ಬಲ್ಲ ಹಿರಿಯರು ಈ ಸಂಪುಟದಲ್ಲಿಯೇ ಬರೆದಿರುವರು. ನಾನು ಆರಿಸಿಕೊಂಡಿರುವುದು ಏಳು ಸಮುದ್ರಗಳಾಚೆಯಲ್ಲಿ ಒಂದು ವಸ್ತುಸಂಗ್ರಹಾಲಯದಲ್ಲಿ ಕಾಪಾಡಲ್ಪಟ್ಟಿರುವ ಒಂದು ಸಣ್ಣ ಸೈನಿಕ ವಿಮಾನದ ಕಥೆಯನ್ನು. ಅಮರಕೋಶವನ್ನೂ ಶಬ್ದಮಣಿದರ್ಪಣವನ್ನೂ ಬಾಯಿಪಾಠ ಮಾಡಿ ಬೆಳೆದ ಪಾಠಶಾಲೆಯ ಪಂಡಿತನಿಗೆ ವಿಮಾನದ ಗೊಡವೆಯೇಕೆಂದು ನಗುವವರು ನಗಲಿ. ಮಹೋತ್ಸವದ ನಿಮಿತ್ತವಾಗಿ ಶ್ರೀಮಠದ ಹಳೆಯ ಪಲ್ಲಕ್ಕಿಗೆ ಹೊಸ ಬಣ್ಣವನ್ನು ಹಚ್ಚಿಸಬೇಕೆ, ಅದನ್ನು ಇದ್ದಂತೆಯೇ ಇರಿಸಬೇಕೆ ಎಂಬ ವಾದವು ನಮ್ಮಲ್ಲಿ ಎದ್ದಿರುವುದನ್ನು ಭಕ್ತರೆಲ್ಲರೂ ಬಲ್ಲರು. ಆ ವಾದವನ್ನು ಕೇಳುತ್ತ ಕುಳಿತಿದ್ದಾಗಲೇ ಈ ವಿಮಾನದ ವಿಷಯವು ನನ್ನ ನೆನಪಿಗೆ ಬಂದಿತು.

ಯುದ್ಧದ ವಿಮಾನವೆಂದರೆ ಬಾಂಬು ಸುರಿಯುವ ದೊಡ್ಡ ಯಂತ್ರವೆಂದೇ ನಮ್ಮವರು ಸಾಮಾನ್ಯವಾಗಿ ತಿಳಿಯುವರು. ವೀಕ್ಷಣ ವಿಮಾನದ ಕೆಲಸವೇ ಬೇರೆ. ಅದು ಮೆಲ್ಲಗೆ, ತಗ್ಗಿನಲ್ಲಿ ಹಾರುತ್ತ ನೆಲವನ್ನು ನೋಡುವುದು. ಶತ್ರುವು ಎಲ್ಲಿರುವನೆಂಬುದನ್ನು ಫಿರಂಗಿಯವರಿಗೆ ತಿಳಿಸುವುದು. ಗುಂಡು ಎಲ್ಲಿ ಬಿತ್ತೆಂದು ಕಂಡು ಅವರ ಗುರಿಯನ್ನು ತಿದ್ದುವುದು. ೧೯೫೦ರಲ್ಲಿ ಅಮೆರಿಕಾದ ಭೂಸೈನ್ಯದವರು ಇಂಥ ವಿಮಾನವೊಂದು ಬೇಕೆಂದು ಸ್ಪರ್ಧೆಯನ್ನು ಏರ್ಪಡಿಸಿದಾಗ ಸೆಸ್ನಾ ಎಂಬ ಕಂಪನಿಯವರು ಗೆದ್ದರು. ಅವರು ಜನಸಾಮಾನ್ಯರಿಗಾಗಿ ಮಾಡುತ್ತಿದ್ದ ಒಂದು ವಿಮಾನವನ್ನೇ ತಿದ್ದಿ ಇದನ್ನು ರಚಿಸಿದ್ದರು. ರೆಕ್ಕೆಯು ತಲೆಯ ಮೇಲೆ. ಆಸನಗಳು ಎರಡೇ, ಒಂದರ ಹಿಂದೆ ಒಂದು. ಮುಂದೆ ಚಾಲಕನು, ಹಿಂದೆ ನೋಡುವವನು. ನಾಲ್ಕೂ ಕಡೆಗೆ ಗಾಜು, ನೆತ್ತಿಯ ಮೇಲೆಯೂ ಗಾಜು. ಎಂಜಿನ್ನಿನ ಬಲ ೨೧೩ ಅಶ್ವಶಕ್ತಿ; ರೆಕ್ಕೆಗಳ ಹರವು ೩೬ ಅಡಿ. ಬೇಟೆಯಲ್ಲಿ ಹಕ್ಕಿಯಿರುವ ಪೊದೆಯನ್ನು ತೋರಿಸಿಕೊಡುವ ನಾಯಿಯ ಹೆಸರನ್ನೇ ಇದಕ್ಕಿಟ್ಟು 'ಬರ್ಡ್ ಡಾಗ್' ಎಂದು ಕರೆದರು. ಇದರ ಸೈನಿಕ ನಾಮವು ಮೊದಲು ಎಲ್-೧೯ ಎಂದಿದ್ದು, ೧೯೬೨ರಲ್ಲಿ ಓ-೧ ಎಂದಾಯಿತು. ಮೂರು ಸಾವಿರದ ನಾನೂರಕ್ಕೂ ಹೆಚ್ಚು ವಿಮಾನಗಳು ನಿರ್ಮಾಣವಾದುವು.

ಇಂಥ ವಿಮಾನವು ನಮ್ಮ ನಾಡಿಗೆ ತೀರ ಅಪರಿಚಿತವೇನಲ್ಲ. ೧೯೪೦ರಲ್ಲಿ ವಾಲಚಂದ ಹೀರಾಚಂದರೂ ಮೈಸೂರು ಸರ್ಕಾರದವರೂ ಕೂಡಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಹಿಂದೂಸ್ಥಾನ್ ವಿಮಾನ ಕಾರ್ಖಾನೆಯಲ್ಲಿ ೧೯೫೮ರಲ್ಲಿ 'ಪುಷ್ಪಕ್', ೧೯೫೯ರಲ್ಲಿ 'ಕೃಷಕ್' ಎಂಬ ಸಣ್ಣ ವಿಮಾನಗಳು ಮೊದಲು ಹಾರಿದುವು. ಈ ಕೃಷಕ್ ನಮ್ಮ ಸೈನ್ಯಕ್ಕೆ ವೀಕ್ಷಣೆಯ ಕೆಲಸವನ್ನು ಮಾಡಿತು. ಫಿರಂಗಿಗೆ ಗುರಿ ತೋರಿಸುವ ಯಂತ್ರಕ್ಕೆ ಒಕ್ಕಲಿಗನ ಹೆಸರನ್ನು ಇಟ್ಟವರ ಮನಸ್ಸನ್ನು ನಾನು ಬಲ್ಲೆನೆಂದು ಹೇಳಲಾರೆ; ಹೆಸರಂತೂ ನನಗೆ ಮೆಚ್ಚುಗೆಯಾಗಿದೆ. ಪುಷ್ಪಕವಿಮಾನದಲ್ಲಿ ಎಷ್ಟು ಮಂದಿ ಏರಿದರೂ ಮತ್ತೊಬ್ಬರಿಗೆ ಎಡೆಯಿರುತ್ತಿತ್ತೆಂದು ಪುರಾಣಿಕರು ಹೇಳುವುದುಂಟು. ಆ ಮಾತನ್ನು ಇಲ್ಲಿ ನೆನೆದುದಕ್ಕೆ ಕಾರಣವು ಮುಂದೆ ತಿಳಿದುಬರುವುದು.

ಬರ್ಡ್ ಡಾಗ್ ವಿಮಾನವು ಕೊರಿಯಾದ ಯುದ್ಧದಲ್ಲಿ ಮೊದಲು ದುಡಿದು, ತರುವಾಯ ವಿಯಟ್ನಾಮಿನಲ್ಲಿ ವರ್ಷಗಟ್ಟಲೆ ಹಾರಿತು. ಅಲ್ಲಿ ಅದರ ರೆಕ್ಕೆಗಳ ಕೆಳಗೆ ಹೊಗೆಯುಗುಳುವ ಸಣ್ಣ ಬಾಣಗಳನ್ನು ಕಟ್ಟುತ್ತಿದ್ದರು. ಕಾಡಿನ ನಡುವೆ ಬಿಳಿಯ ಹೊಗೆಯೆದ್ದ ಕಡೆಗೆ ವೇಗದ ವಿಮಾನಗಳು ಬಂದು ಬಾಂಬು ಹಾಕುವುವು. ೧೯೬೭ನೆಯ ಫೆಬ್ರವರಿ ೨೪ರಂದು ದಾಲಾತ್ ಎಂಬ ಊರಿನ ಹತ್ತಿರ ತನ್ನ ಪಕ್ಷದ ಪದಾತಿಗಳು ಹೊಂಚಿಗೆ ಸಿಕ್ಕಿದುದನ್ನು ಕಂಡು, ಹಿಲಿಯರ್ಡ್ ವಿಲ್‌ಬ್ಯಾಂಕ್ಸ್ ಎಂಬ ಚಾಲಕರು ಹೊಗೆಬಾಣಗಳು ಮುಗಿದ ಮೇಲೆ ಕಿಟಕಿಯಿಂದ ಬಂದೂಕನ್ನು ಚಾಚಿ ಹೊಡೆಯುತ್ತ ಶತ್ರುಗಳ ಗಮನವನ್ನು ತಮ್ಮ ಕಡೆಗೆ ಸೆಳೆದುಕೊಂಡು ಪ್ರಾಣವನ್ನು ಕೊಟ್ಟರು. ಅವರಿಗೆ ಮರಣಾನಂತರ ಆ ದೇಶದ ಅತ್ಯುಚ್ಚ ವೀರಪದಕವು ದೊರೆಯಿತು. ಆದರೆ ಈ ವಿಮಾನವು ತೋರಿಸಿಕೊಟ್ಟ ಸ್ಥಳಗಳಲ್ಲಿ ಸತ್ತವರೆಲ್ಲರೂ ಆಯುಧ ಹಿಡಿದವರೇ ಆಗಿದ್ದರೆಂದು ಯಾರೂ ಹೇಳುವಂತಿಲ್ಲ. ದಯೆಯನ್ನು ಧರ್ಮದ ಮೂಲವೆಂದು ನಂಬಿದ ನಾವು ಇಂಥ ವಸ್ತುವನ್ನು ಹೊಗಳುವಾಗ ಇದನ್ನು ಮರೆಯಲಾಗದು.

ಇನ್ನು ಮುಖ್ಯ ಕಥೆಗೆ ಬರುವೆನು. ೧೯೭೫ನೆಯ ಏಪ್ರಿಲ್ ತಿಂಗಳ ಕೊನೆಯಲ್ಲಿ ದಕ್ಷಿಣ ವಿಯಟ್ನಾಮಿನ ರಾಜ್ಯವು ಕುಸಿಯಿತು. ೩೦ನೆಯ ತಾರೀಖಿನಂದು ರಾಜಧಾನಿಯಾದ ಸೈಗಾನ್ ಉತ್ತರದವರ ವಶವಾಯಿತು. ಹಿಂದಿನ ಸರ್ಕಾರದಲ್ಲಿ ಕೆಲಸ ಮಾಡಿದವರು ಸಾವಿರಾರು ಮಂದಿ ಸಿಕ್ಕ ಹೆಲಿಕಾಪ್ಟರುಗಳಲ್ಲಿ, ದೋಣಿಗಳಲ್ಲಿ ಏರಿ, ಸಮುದ್ರದಲ್ಲಿ ನಿಂತಿದ್ದ ಅಮೆರಿಕಾದ ನೌಕೆಗಳ ಕಡೆಗೆ ಓಡಿದರು. ಆ ದೇಶದ ದಕ್ಷಿಣ ತೀರದಾಚೆಗೆ ಕಾನ್ ಸೋನ್ ಎಂಬ ದ್ವೀಪವಿದೆ. ಫ್ರೆಂಚರು ೧೮೬೧ರಲ್ಲಿ ಅಲ್ಲಿ ಸೆರೆಮನೆಯನ್ನು ಕಟ್ಟಿಸಿದ್ದರು. ಅವರು ಹೋದ ಮೇಲೆಯೂ ಅದು ಸೆರೆಮನೆಯಾಗಿಯೇ ಉಳಿಯಿತು. ಅಲ್ಲಿಯ 'ಹುಲಿಪಂಜರ'ಗಳಲ್ಲಿ ಮನುಷ್ಯರನ್ನು ಇಡುತ್ತಿದ್ದ ಸಂಗತಿಯು ೧೯೭೦ರಲ್ಲಿ ಬಯಲಾಗಿ ಲೋಕವೆಲ್ಲ ಛೀಮಾರಿ ಹಾಕಿತು. ಅಂಥ ದ್ವೀಪದಿಂದ ದಕ್ಷಿಣ ವಿಯಟ್ನಾಮಿನ ವಾಯುಸೈನ್ಯದ ಮೇಜರ್ ಬುವಾಂಗ್ ಲೀ ಎಂಬವರು ತಮ್ಮ ಹೆಂಡತಿಯನ್ನೂ ಐದು ಮಂದಿ ಎಳೆಯ ಮಕ್ಕಳನ್ನೂ ಒಂದು ಬರ್ಡ್ ಡಾಗ್ ವಿಮಾನದಲ್ಲಿ ಕುಳ್ಳಿರಿಸಿಕೊಂಡು ಹಾರಿದರು. ಎರಡು ಆಸನಗಳ ವಿಮಾನದಲ್ಲಿ ಏಳು ಜೀವಗಳು. ತಾಯಿಯೂ ಮಕ್ಕಳೂ ಹಿಂದಿನ ಆಸನದಲ್ಲಿಯೂ ಅದರ ಹಿಂದಿನ ಇಕ್ಕಟ್ಟಾದ ಎಡೆಯಲ್ಲಿಯೂ ಒತ್ತಿಕೊಂಡು ಕುಳಿತಿದ್ದರು. ಪುರಾಣದ ಪುಷ್ಪಕವು ದೇವಶಿಲ್ಪಿಯ ರಚನೆ; ಇದು ಕಾರ್ಖಾನೆಯ ತಗಡು. ಏರಿದವರಿಗೆ ಎಡೆಯನ್ನು ಮಾತ್ರ ಎರಡೂ ಕೊಟ್ಟುವು.

ಅವರಿಗೆ ನೌಕೆಗಳು ಎಲ್ಲಿವೆಯೆಂಬುದು ಖಚಿತವಾಗಿ ಗೊತ್ತಿರಲಿಲ್ಲ. ಸಮುದ್ರದ ಮೇಲೆ ಹಾರುತ್ತ ಹೋಗಿ, ಕೊನೆಗೆ 'ಮಿಡ್‌ವೇ' ಎಂಬ ವಿಮಾನವಾಹಕ ನೌಕೆಯನ್ನು ಕಂಡು, ದೀಪಗಳನ್ನು ಹೊತ್ತಿಸಿಕೊಂಡು ಅದನ್ನು ಸುತ್ತತೊಡಗಿದರು. ನೌಕೆಯವರು ರೇಡಿಯೋದಲ್ಲಿ ಕೂಗಿದರು, ಉತ್ತರ ಬರಲಿಲ್ಲ. ಆಗ ಆ ನೌಕೆಯ ಅಂಗಳದ ತುಂಬ ಶರಣಾರ್ಥಿಗಳನ್ನು ತಂದಿಳಿಸಿದ ಹೆಲಿಕಾಪ್ಟರುಗಳು ನಿಂತಿದ್ದುವು. ವಿಮಾನವಿಳಿಯಲು ಗೇಣು ಜಾಗವೂ ಇರಲಿಲ್ಲ. ಮೊದಲಿಗೆ, ಚಾಲಕನು ನೌಕೆಯ ಪಕ್ಕದ ನೀರಿನಲ್ಲಿಳಿಯಲಿ, ದೋಣಿಯವರು ಎತ್ತಿಕೊಳ್ಳುವರು ಎಂಬ ಯೋಚನೆಯಿದ್ದಿತು. ಅಷ್ಟರಲ್ಲಿ ದುರ್ಬೀನಿನಿಂದ ನೋಡುತ್ತಿದ್ದವನೊಬ್ಬನು, ಆ ಎರಡಾಸನದ ವಿಮಾನದಲ್ಲಿ ನಾಲ್ವರಿಗಿಂತ ಕಡಿಮೆಯಿಲ್ಲವೆಂದು ವರದಿ ಮಾಡಿದನು. ಇದರ ಚಕ್ರಗಳು ಮಡಿಸಿಕೊಳ್ಳುವಂಥವಲ್ಲ. ನೀರಿಗೆ ತಾಗಿದೊಡನೆ ಚಕ್ರಗಳು ಸಿಕ್ಕಿಕೊಂಡು ವಿಮಾನವು ಮುಗ್ಗರಿಸಿ ತಲೆಕೆಳಗಾಗುವುದು. ಒಳಗೆ ಒತ್ತಿಕೊಂಡಿರುವ ಮಕ್ಕಳು ಹೊರಗೆ ಬರುವುದು ಅಸಾಧ್ಯ.

ಬುವಾಂಗ್ ಲೀ ಅವರು ತಗ್ಗಿನಲ್ಲಿ ಹಾರಿಬಂದು ಕಾಗದದ ಚೀಟಿಯನ್ನು ಎಸೆದರು. ಅದು ಗಾಳಿಗೆ ಸಮುದ್ರಕ್ಕೆ ಹೋಯಿತು. ಮರಳಿ ಬಂದು ಎಸೆದುದಕ್ಕೂ ಅದೇ ಗತಿಯಾಯಿತು. ಕಡೆಗೆ ತಮ್ಮ ಪಿಸ್ತೂಲಿನ ಚರ್ಮದ ಚೀಲದಲ್ಲಿ ಚೀಟಿಯನ್ನು ಸಿಕ್ಕಿಸಿ ಎಸೆಯಲು, ಅದರ ಭಾರದಿಂದ ಅದು ಅಂಗಳದ ಮೇಲೆ ಬಿದ್ದಿತು. ಹರುಕುಮುರುಕು ಇಂಗ್ಲಿಷಿನಲ್ಲಿ ಬರೆದಿದ್ದ ಆ ಚೀಟಿಯ ತಾತ್ಪರ್ಯವಿಷ್ಟೆ: ಹೆಲಿಕಾಪ್ಟರುಗಳನ್ನು ಆಚೆಗೆ ಸರಿಸಿದರೆ ನಾನು ಇಳಿಯಬಲ್ಲೆನು, ಇನ್ನೂ ಒಂದು ಗಂಟೆ ಹಾರಲು ಎಣ್ಣೆಯಿದೆ, ಹೆಂಡತಿಯೂ ಐದು ಮಕ್ಕಳೂ ಇರುವರು, ಕಾಪಾಡಿರಿ.

ಈ ಚೀಟಿಯು ಕೈಸೇರಿದ ಕಪ್ತಾನರ ಹೆಸರು ಲಾರೆನ್ಸ್ ಚೇಂಬರ್ಸ್. ಅವರು ಅಮೆರಿಕಾದ ನೀಗ್ರೋ ಜನಾಂಗಕ್ಕೆ ಸೇರಿದವರು. ಇಂದು ಆ ಜನರು ಈ ಹೆಸರನ್ನು ಒಪ್ಪದೆ ಆಫ್ರಿಕನ್ ಅಮೆರಿಕನ್ನರೆಂದು ಕರೆಸಿಕೊಳ್ಳುವುದರಿಂದ ನಾವೂ ಹಾಗೆಯೇ ಕರೆಯುವುದು ಸೌಜನ್ಯ. ಅವರ ಜನಾಂಗದಲ್ಲಿ ವಿಮಾನವಾಹಕ ನೌಕೆಯ ಅಧಿಪತ್ಯವನ್ನು ಪಡೆದವರಲ್ಲಿ ಅವರೇ ಮೊದಲಿಗರು. ಅಧಿಕಾರವನ್ನು ವಹಿಸಿಕೊಂಡು ಕೆಲವೇ ವಾರಗಳಾಗಿದ್ದುವು. ಜಾತಿಯ ಮೆಟ್ಟಿಲುಗಳನ್ನು ಒಪ್ಪದ ಪರಂಪರೆಯಲ್ಲಿ ಹುಟ್ಟಿದ ನಮಗೆ ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕೆನಿಸುವುದು. ತಲೆಮಾರುಗಳಿಂದ ಕೆಳಗೆ ತಳ್ಳಲ್ಪಟ್ಟವರ ಮಗನೊಬ್ಬನು ಬಹು ಕಷ್ಟದಿಂದ ಮೇಲಿನ ಸ್ಥಾನಕ್ಕೆ ಏರಿರುವನು. ಒಂದು ತಪ್ಪು ಹೆಜ್ಜೆಯಿಟ್ಟರೆ ತನ್ನ ಸ್ಥಾನ ಹೋಗುವುದಲ್ಲದೆ, ಹಿಂದೆ ಬರುವವರಿಗೂ ಬಾಗಿಲು ಮುಚ್ಚೀತು. ಅಂಥವನ ಮುಂದೆ ಅಪರಿಚಿತ ಕುಟುಂಬವೊಂದರ ಚೀಟಿ ಬಂದು ಬಿದ್ದಿದೆ.

ಚೇಂಬರ್ಸ್ ಅವರು ಎರಡು ಅಪ್ಪಣೆಗಳನ್ನು ಕೊಟ್ಟರು. ಮೊದಲನೆಯದು, ಅಂಗಳಕ್ಕೆ ಅಡ್ಡಲಾಗಿ ಬಿಗಿದ ಉಕ್ಕಿನ ಹಗ್ಗಗಳನ್ನು ತೆಗೆದುಬಿಡುವುದು. ನೌಕೆಯ ವಿಮಾನಗಳು ಬಾಲದ ಕೊಕ್ಕೆಯಿಂದ ಈ ಹಗ್ಗಗಳನ್ನು ಹಿಡಿದು ನಿಲ್ಲುವುವು. ಕೊಕ್ಕೆಯಿಲ್ಲದ ಈ ವಿಮಾನದ ಚಕ್ರಕ್ಕೆ ಅವು ಎಡರುಗಾಲಾಗುತ್ತಿದ್ದುವು. ಎರಡನೆಯದು, ಬೇಗನೆ ಸರಿಸಲಾಗದ ಹೆಲಿಕಾಪ್ಟರುಗಳನ್ನೆಲ್ಲ ಸಮುದ್ರಕ್ಕೆ ನೂಕಿಬಿಡುವುದು. ದರ್ಜೆಯ ಭೇದವಿಲ್ಲದೆ ನೌಕೆಯಲ್ಲಿ ಕೈಬಿಡುವಾಗಿದ್ದವರೆಲ್ಲರೂ ಅಂಗಳಕ್ಕೆ ಬಂದು ಹೆಗಲು ಕೊಟ್ಟರು. ನೀರುಪಾಲಾದ ಹೆಲಿಕಾಪ್ಟರುಗಳ ಬೆಲೆ ಸುಮಾರು ಒಂದು ಕೋಟಿ ಡಾಲರು ಎಂದು ಅಂದಾಜು. ಅಷ್ಟು ಮಾಡಿ ಮುಗಿಸುವಷ್ಟರಲ್ಲಿ ಮತ್ತೆ ಐದು ಹೆಲಿಕಾಪ್ಟರುಗಳು ಬಂದಿಳಿದುವು, ಅವುಗಳನ್ನೂ ನೂಕಿಸಿದರು. ತಮ್ಮನ್ನು ಸೈನಿಕ ನ್ಯಾಯಸ್ಥಾನದ ಮುಂದೆ ನಿಲ್ಲಿಸಬಹುದೆಂದು ತಾವು ಬಗೆದಿದ್ದುದಾಗಿಯೂ, ಎಷ್ಟು ಹೋದುವೆಂದು ಕೇಳಿದರೆ ಸುಳ್ಳಾಡುವ ಪ್ರಸಂಗ ಬಾರದಿರಲೆಂದು ತಾವು ಆ ಕಡೆಗೆ ನೋಡಲೇ ಇಲ್ಲವೆಂದೂ ಅವರು ತರುವಾಯ ಹೇಳಿಕೊಂಡಿರುವರು.

ಸಾರ್ವಜನಿಕ ದ್ರವ್ಯವನ್ನು ಹೀಗೆ ನೀರಿಗೆ ಹಾಕಬಹುದೆ ಎಂದು ಪಾಠಶಾಲೆಯ ವಿದ್ಯಾರ್ಥಿಯೊಬ್ಬನು ನನ್ನನ್ನು ಕೇಳಿದನು. ಒಳ್ಳೆಯ ಪ್ರಶ್ನೆ. ಕಲ್ಯಾಣದಲ್ಲಿ ಭಂಡಾರದ ಅಧಿಕಾರದಲ್ಲಿದ್ದ ಬಸವಣ್ಣನವರ ಮೇಲೆಯೂ, ಅರಸನ ದ್ರವ್ಯವನ್ನು ಜಂಗಮರಿಗೆ ಸುರಿಯುವನೆಂಬ ದೂರು ಬಂದಿತೆಂದು ಪುರಾಣಗಳು ಹೇಳುತ್ತವೆ. ಲೆಕ್ಕ ನೋಡಿದಾಗ ಒಂದು ಹಣವೂ ಕಡಿಮೆಯಾಗಿರಲಿಲ್ಲವಂತೆ. ಚೇಂಬರ್ಸ್ ಅವರ ಲೆಕ್ಕದಲ್ಲಿ ಕಡಿಮೆಯಾದುದು ನಿಜ. ಆದುದರಿಂದ ಈ ಎರಡನ್ನೂ ಸಮವೆಂದು ನಾನು ಹೇಳಲಾರೆನು. ಲೆಕ್ಕವನ್ನು ಒಪ್ಪಿಸುವ ದಿನವು ಬರುವುದೆಂದು ತಿಳಿದೇ, ತಪ್ಪಿಸಿಕೊಳ್ಳದೆ, ಅಪ್ಪಣೆಯನ್ನು ತಮ್ಮ ಹೆಸರಿನಲ್ಲಿಯೇ ಕೊಟ್ಟರೆಂಬುದು ನನಗೆ ದೊಡ್ಡದಾಗಿ ಕಾಣುವುದು. ಅವರ ಮೇಲೆ ವಿಚಾರಣೆ ನಡೆಯಲಿಲ್ಲ. ಮುಂದೆ ಅವರು ರಿಯರ್ ಅಡ್ಮಿರಲ್ ಪದವಿಗೆ ಏರಿದರು.

ಅಂದು ಮೋಡಗಳು ನೀರಿಗೆ ಐನೂರು ಅಡಿಯಷ್ಟು ಹತ್ತಿರವಾಗಿದ್ದು, ಸಣ್ಣ ಮಳೆ ಬೀಳುತ್ತಿತ್ತು. ಗಂಟೆಗೆ ೧೫ ಕಡಲಮೈಲು ವೇಗದ ಗಾಳಿಗೆ ಎದುರಾಗಿ ನೌಕೆಯನ್ನು ೨೫ ಕಡಲಮೈಲು ವೇಗದಿಂದ ನಡೆಸಿದರು. ಎರಡೂ ಸೇರಿ ಅಂಗಳದ ಮೇಲೆ ೪೦ ಕಡಲಮೈಲಿನ ಎದುರುಗಾಳಿ ಬೀಸಿತು. ಅದರಿಂದ, ಮೊದಲೇ ಮೆಲ್ಲಗೆ ಹಾರುವ ಈ ವಿಮಾನವು ಅಂಗಳಕ್ಕೆ ಹೋಲಿಸಿದರೆ ಇನ್ನೂ ಮೆಲ್ಲಗೆ ಬಂದಂತಾಯಿತು. ಆದರೆ ವೇಗವಾಗಿ ಓಡುವ ಇಂಥ ನೌಕೆಯ ಹಿಂಬದಿಯಲ್ಲಿ ಗಾಳಿಯು ಕೆಳಕ್ಕೆ ಸುಳಿಯುವುದು. ಅರಿಯದ ಚಾಲಕನನ್ನು ಅದು ನೀರಿಗೆ ಎಳೆಯುವುದು. ಕೇಳಿಸುವುದೋ ಇಲ್ಲವೋ ಎಂದು ತಿಳಿಯದಿದ್ದರೂ ನೌಕೆಯವರು ವಿಯಟ್ನಾಮಿ ಭಾಷೆಯಲ್ಲಿಯೂ ಇಂಗ್ಲಿಷಿನಲ್ಲಿಯೂ ಈ ಎಚ್ಚರಿಕೆಯನ್ನು ಕೂಗಿ ಹೇಳಿದರು. ಬುವಾಂಗ್ ಲೀ ಅವರು ನೆಟ್ಟಗೆ ಬಂದು, ಅಂಗಳದ ನಡುಗೆರೆಯ ಮೇಲೆಯೇ ಚಕ್ರಗಳನ್ನೂರಿ, ಒಮ್ಮೆ ಪುಟನೆಗೆದು, ನೌಕೆಯ ಗೋಪುರದ ಸಮಕ್ಕೆ ಬಂದು ನಿಂತರು. ಅಂಗಳದಲ್ಲಿದ್ದವರೆಲ್ಲರೂ ಕೈಬೀಸಿ ಜಯಘೋಷ ಮಾಡಿದರು. ಹೆಲಿಕಾಪ್ಟರುಗಳನ್ನು ನೂಕಿದ ಆ ನಾವಿಕರೇ ತಮ್ಮ ಸಂಬಳದಿಂದ ಹಣ ಕೂಡಿಸಿ ಆ ಕುಟುಂಬಕ್ಕೆ ನಿಧಿಯನ್ನು ಮಾಡಿಕೊಟ್ಟರು. ದಾಸೋಹವೆಂಬ ಮಾತನ್ನು ಅವರು ಕೇಳಿರಲಾರರು.

ಕುಟುಂಬವು ಅಮೆರಿಕಾದಲ್ಲಿ ನೆಲಸಿ ಅಲ್ಲಿಯ ಪ್ರಜೆಗಳಾಯಿತು. ವಿಮಾನವನ್ನು ಏನು ಮಾಡಬೇಕು? ಯುದ್ಧವು ಮುಗಿದಿತ್ತು, ಅದರ ಸೈನ್ಯವೇ ಇಲ್ಲವಾಗಿತ್ತು. ಅಂಥ ವಿಮಾನಗಳು ಬೇರೆಡೆ ಗುಜರಿಗೆ ಹೋಗುತ್ತಿದ್ದ ಕಾಲವದು. ಇದನ್ನು ಮಾತ್ರ ಫ್ಲಾರಿಡಾ ಪ್ರಾಂತದ ಪೆನ್ಸಕೋಲದಲ್ಲಿರುವ ನೌಕಾ ವಿಮಾನಗಳ ರಾಷ್ಟ್ರೀಯ ವಸ್ತುಸಂಗ್ರಹಾಲಯದವರು ತಮ್ಮಲ್ಲಿಗೆ ಬರಮಾಡಿಕೊಂಡು ಕಾಪಾಡಿದ್ದಾರೆ. ವಿಚಿತ್ರವೇನೆಂದರೆ, ಇದು ಅಮೆರಿಕಾದ ನೌಕಾಸೈನ್ಯದ ವಿಮಾನವೇ ಅಲ್ಲ. ಅವರ ಅಂಗಳದ ಮೇಲೆ ಅದು ಇಳಿದುದು ಒಂದೇ ಸಲ. ಆ ಒಂದು ಇಳಿತಕ್ಕಾಗಿಯೇ ಅದಕ್ಕೆ ಅಲ್ಲಿ ಸ್ಥಾನ ದೊರೆಯಿತು. ಮಿಡ್‌ವೇ ನೌಕೆಯೂ ೧೯೯೨ರಲ್ಲಿ ನಿವೃತ್ತವಾಗಿ, ೨೦೦೪ರಿಂದ ಸ್ಯಾನ್ ಡಿಯಾಗೋ ರೇವಿನಲ್ಲಿ ವಸ್ತುಸಂಗ್ರಹಾಲಯವಾಗಿ ನಿಂತಿದೆ. ಅಲ್ಲಿಯೂ ಇದೇ ಜಾತಿಯ ವಿಮಾನವೊಂದನ್ನು ಸಂಪಾದಿಸಿ ಇಟ್ಟಿರುವರು. ಅದು ಪ್ರತಿರೂಪ, ಮೂಲವು ಪೆನ್ಸಕೋಲದ್ದೇ.

ಇಂಥ ನಿವೃತ್ತ ವಿಮಾನವನ್ನು ಕಾಪಾಡುವ ಮಾರ್ಗಗಳು ಎರಡು. ಕೆಲವರು ಅದನ್ನು ಕೊಂಡು ಮತ್ತೆ ಹಾರಿಸುವರು. ಬರ್ಡ್ ಡಾಗ್ ವಿಮಾನಗಳು ಅನೇಕ ದೇಶಗಳ ಸೈನ್ಯಗಳಿಂದ ಬಿಡುಗಡೆಯಾಗಿ, ಎಂಜಿನ್ನಿಲ್ಲದ ಗ್ಲೈಡರುಗಳನ್ನು ಎಳೆಯುವ ಕೆಲಸಕ್ಕೆ ಸೇರಿದುವು. ಅಲ್ಲಿಂದ ಆಸಕ್ತರ ಕೈಗೆ ಬಂದುವು. ಇದರ ಎಂಜಿನ್ನಿನ ಜಾತಿಯೇ ಸೆಸ್ನಾ ಕಂಪನಿಯ ಇತರ ಸಣ್ಣ ವಿಮಾನಗಳಲ್ಲಿಯೂ ಇರುವುದರಿಂದ ಬಿಡಿಭಾಗಗಳು ದೊರೆಯುತ್ತವೆ. ಆದರೆ ಹಾರಬೇಕಾದರೆ ಸವೆದುದನ್ನೆಲ್ಲ ಬದಲಿಸಬೇಕು. ತುಕ್ಕು ಹಿಡಿದ ತಗಡನ್ನು ಕಿತ್ತು ಹೊಸದನ್ನು ಬೆಸೆಯಬೇಕು. ಹತ್ತಿಪ್ಪತ್ತು ವರ್ಷಗಳಲ್ಲಿ ಹಳೆಯದೆಷ್ಟು, ಹೊಸದೆಷ್ಟು ಎಂದು ಹೇಳುವುದೇ ಕಷ್ಟವಾಗುವುದು. ಎರಡನೆಯ ಮಾರ್ಗವು ಹಾರಾಟವನ್ನು ಬಿಡಿಸಿ ಇದ್ದುದನ್ನು ಇದ್ದಂತೆ ನಿಲ್ಲಿಸುವುದು. ಎಣ್ಣೆಯನ್ನೆಲ್ಲ ಬಸಿದು ತೆಗೆಯುವರು. ಚಕ್ರಗಳ ಮೇಲೆ ಭಾರ ಬೀಳದಂತೆ ಆನಿಕೆ ಕೊಡುವರು. ಅಲ್ಯುಮಿನಿಯಮ್ಮಿಗೆ ಉಪ್ಪುಗಾಳಿಯೇ ಮೃತ್ಯುವಾದುದರಿಂದ ಅದನ್ನು ತೊಳೆದು ಒಣಗಿನಲ್ಲಿಡುವರು. ಬಲ್ಲವರು ಹಳೆಯ ಬಣ್ಣದ ಮೇಲೆ ಹೊಸ ಬಣ್ಣವನ್ನು ಸುಲಭವಾಗಿ ಹಚ್ಚಗೊಡರು. ಗೀರು, ತಗ್ಗು, ತೇಪೆ, ಇವೇ ಆ ವಸ್ತುವಿನ ಚರಿತ್ರೆಯನ್ನು ಹೇಳತಕ್ಕವು.

ಈ ಮಾತು ನನಗೆ ಚೆನ್ನಾಗಿ ನಾಟುವುದಕ್ಕೆ ಕಾರಣವಿದೆ. ನಾನು ವಿದ್ಯಾರ್ಥಿಯಾಗಿದ್ದಾಗ ಒಂದು ತಾಡವೋಲೆಯ ಕಟ್ಟಿನ ಅಕ್ಷರಗಳು ಮಸುಕಾಗಿವೆಯೆಂದು, ಕಾಡಿಗೆಯನ್ನು ಎಣ್ಣೆಯಲ್ಲಿ ಕಲಸಿ ತೊಡೆದು ಒರೆಸಿದೆನು. ಅದು ಸರಿಯಾದ ಪದ್ಧತಿಯೇ. ಆದರೆ ಓದಲು ಬಾರದ ಕೆಲವು ಅಕ್ಷರಗಳನ್ನು ನನಗೆ ತೋರಿದಂತೆ ಕಂಠದಿಂದ ಕೊರೆದು ತಿದ್ದಿದೆನು. ಗುರುಗಳು ನೋಡಿ ಬೈಯಲಿಲ್ಲ. ಇನ್ನು ಮುಂದೆ ಇದನ್ನು ಓದುವವನು ಬರೆದವನನ್ನು ಓದುವುದಿಲ್ಲ, ನಿನ್ನನ್ನು ಓದುವನು ಎಂದರು. ಆ ಕಟ್ಟು ಇಂದಿಗೂ ಭಂಡಾರದಲ್ಲಿದೆ. ಅದನ್ನು ಬಿಚ್ಚಿದಾಗಲೆಲ್ಲ ನನಗೆ ನಾಚಿಕೆಯಾಗುವುದು. ಕಲ್ಯಾಣದ ಕ್ಷೋಭೆಯಲ್ಲಿ ಶರಣರು ಓಲೆಯ ಕಟ್ಟುಗಳನ್ನು ಹೊತ್ತು ಉಳವಿಯ ಕಡೆಗೆ ನಡೆದರೆಂದು ನಮ್ಮ ಹಿರಿಯರು ಹೇಳುತ್ತ ಬಂದಿರುವರು. ಪ್ರಾಣವನ್ನೂ ಓಲೆಯನ್ನೂ ಒಂದೇ ಹೆಗಲಿನ ಮೇಲೆ ಹೊತ್ತ ಜನ ಅವರು. ಆಮೇಲೆ ಮನೆಮನೆಗಳ ಜಗುಲಿಯ ಮೇಲೆ ಪೂಜೆಗೊಳ್ಳುತ್ತ ಮಲಗಿದ್ದ ಅಂಥ ಕಟ್ಟುಗಳನ್ನು ಬಿಜಾಪುರದ ಫ. ಗು. ಹಳಕಟ್ಟಿಯವರು ಊರೂರು ತಿರುಗಿ ಕೂಡಿಸಿ, ೧೯೨೩ರಲ್ಲಿ ವಚನಶಾಸ್ತ್ರಸಾರದ ಮೊದಲನೆಯ ಭಾಗವನ್ನು ಅಚ್ಚು ಮಾಡಿಸಿದರು. ವಕೀಲಿಯ ಸಂಪಾದನೆಯೆಲ್ಲ ಅದಕ್ಕೇ ಹೋಯಿತು. ಅವರು ಕಾಣದಿದ್ದ ಎಷ್ಟು ಕಟ್ಟುಗಳು ಹೊಳೆಯ ಪಾಲಾದುವೋ ಶಿವನೇ ಬಲ್ಲನು.

ಪೆನ್ಸಕೋಲದ ವಿಮಾನವನ್ನು ಕುರಿತು ಇನ್ನೊಂದು ಮಾತನ್ನು ಹೇಳಬೇಕಾಗಿದೆ. ಅಲ್ಲಿ ಅದು ರಕ್ಷಣೆಯ ಕುರುಹಾಗಿ ನಿಂತಿದೆ, ಅದು ನ್ಯಾಯವೇ. ಆದರೆ ಕಾನ್ ಸೋನ್ ದ್ವೀಪದ ಪಂಜರಗಳಲ್ಲಿದ್ದವರಿಗೆ, ಬಿಳಿಯ ಹೊಗೆಯೆದ್ದ ಹಳ್ಳಿಗಳವರಿಗೆ ಇದೇ ಜಾತಿಯ ವಿಮಾನದ ಸದ್ದು ಬೇರೆಯ ಅರ್ಥವನ್ನು ಕೊಡುತ್ತಿದ್ದಿರಬೇಕು. ನೌಕೆಯನ್ನು ಕಾಣದೆ ಸಮುದ್ರದಲ್ಲಿಯೇ ಮುಳುಗಿದವರ ವಿಮಾನಗಳನ್ನು ಯಾರೂ ಸಂಗ್ರಹಿಸಲಾರರು. ಉಳಿದ ವಸ್ತುವು ಉಳಿದವರ ಕಥೆಯನ್ನೇ ಹೇಳುವುದು. ಸಂಗ್ರಹಾಲಯವನ್ನು ನೋಡುವವನು ಇಷ್ಟನ್ನು ತಾನೇ ಸೇರಿಸಿಕೊಂಡು ನೋಡಬೇಕಾಗುತ್ತದೆ.

ಇನ್ನು ನಮ್ಮ ಪಲ್ಲಕ್ಕಿಯ ವಿಷಯ. ಅದರ ದಂಡಿಗೆಯ ಎಡಭಾಗವು ಬಲಭಾಗಕ್ಕಿಂತ ಹೆಚ್ಚಾಗಿ ಸವೆದಿದೆ. ಕಾರಣವನ್ನು ಕೇಳಿದರೆ ಹಿರಿಯರು ಒಬ್ಬೊಬ್ಬರು ಒಂದೊಂದು ಹೇಳುವರು. ಹಿಂದೆ ಪಲ್ಲಕ್ಕಿಗೆ ಹೆಗಲು ಕೊಟ್ಟವರಲ್ಲಿ ಈಗ ಉಳಿದಿರುವವರು ಬಹು ಸ್ವಲ್ಪ ಮಂದಿ, ಅವರಿಗೂ ವಯಸ್ಸಾಗಿದೆ. ಬಣ್ಣದವನನ್ನು ಕರೆಯುವ ಮುಂಚೆ ಅವರನ್ನು ಕರೆದು ಕುಳ್ಳಿರಿಸಿ, ಅವರು ಹೇಳಿದುದನ್ನು ಒಂದು ಪುಸ್ತಕದಲ್ಲಿ ಬರೆಯಿಸಬೇಕೆಂದು ಮಹೋತ್ಸವ ಮಂಡಲದವರನ್ನು ಪ್ರಾರ್ಥಿಸುವೆನು. ಬರೆದುಕೊಳ್ಳುವ ಕೆಲಸವನ್ನು ಪಾಠಶಾಲೆಯ ವಿದ್ಯಾರ್ಥಿಗಳು ಮಾಡುವರು. ಭಂಡಾರದ ಕೀಲಿಕೈ ನನ್ನಲ್ಲಿಯೇ ಇದೆ. ಸೋಮವಾರವನ್ನು ಬಿಟ್ಟು ಯಾವ ದಿನ ಬಂದರೂ ತೆರೆದುಕೊಡುವೆನು.